ಸಂಡಿಗೆ ನೆನೆಯುವ ಮೊದಲೇ ಮುಗಿಲು ಓದುವುದು ಹೇಗೆ?

ಏಪ್ರಿಲ್ ಬಂತೆಂದರೆ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ತಾರಸಿ ತುಂಬ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಅಶ್ವಿನಿ, ಭರಣಿ ಮಳೆಯ ಕಾಲವೂ ಅದೇ. ಪ್ರತಿ ವರ್ಷ ಎರಡು ತಪ್ಪು ನೋಡುತ್ತೇನೆ. ನೆತ್ತಿಯ ಮೇಲೆ ಸ್ವಲ್ಪ ಕಪ್ಪಾದ ಕೂಡಲೇ ಎಲ್ಲವನ್ನೂ ಬಾಚಿಕೊಂಡು ಕೆಳಗೆ ಓಡುತ್ತಾರೆ. ಆ ಮೋಡ ಒಂದು ಹನಿ ಹಾಕದೆ ಹೋಗುತ್ತದೆ. ಇನ್ನೊಂದು ದಿನ ದೂರದಲ್ಲಿ ಬೆಳ್ಳಗೆ, ಚೆಂದಗೆ ಏಳುತ್ತಿರುವ ಮುಗಿಲಿನ ಫೋಟೊ ತೆಗೆದು ಊಟಕ್ಕೆ ಹೋಗುತ್ತಾರೆ. ಮೂರು ಗಂಟೆಗೆ ಅದೇ ಬಂದು ತಾರಸಿ ತೊಳೆಯುತ್ತದೆ. ನಸುಕಿನಲ್ಲಿ ಎದ್ದು ಹಿಟ್ಟು ಬೇಯಿಸಿ ಒತ್ತಿದ ಸಂಡಿಗೆ ಮತ್ತೆ ಹಿಟ್ಟಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಬಣ್ಣ ಬಿಡಿ, ದಪ್ಪ ನೋಡಿ

ಮಳೆ ಹುಟ್ಟುವ ಬಗೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಕಾದ ನೆಲದಿಂದ ಗಾಳಿ ಮೇಲೇಳುತ್ತದೆ. ಮೇಲೆ ಒತ್ತಡ ಕಡಿಮೆ, ಹಾಗಾಗಿ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ಅದರಲ್ಲಿರುವ ನೀರಾವಿ ದೂಳು, ಉಪ್ಪಿನ ಕಣಗಳ ಮೇಲೆ ಕೂತು ಸಣ್ಣ ಹನಿಯಾಗುತ್ತದೆ. ಇದೇ ಮೋಡ. ಆದರೆ ಈ ಹನಿಯ ಅಗಲ 0.02 ಮಿಲಿಮೀಟರ್ ಅಷ್ಟೇ. ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು ನಿಧಾನವಾಗಿ ಇಳಿಯುವ ಇದು ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ. 2 ಮಿಲಿಮೀಟರಿನ ಒಂದು ಮಳೆಹನಿಯಾಗಲು ಇಂಥ ಹತ್ತು ಲಕ್ಷ ಹನಿಗಳು ಕೂಡಬೇಕು. ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡಲು, ಇಲ್ಲವೇ ತೀರ ಎತ್ತರದಲ್ಲಿ ಹಿಮಕಣವಾಗಿ ಬೆಳೆದು ಕೆಳಗೆ ಕರಗಲು, ಮೋಡದೊಳಗೆ ಉದ್ದದ ದಾರಿ ಬೇಕು. ತೆಳ್ಳಗಿನ ಮೋಡದಲ್ಲಿ ಆ ದಾರಿ ಇರುವುದಿಲ್ಲ.

ನೆತ್ತಿಯ ಮೇಲಿನ ಮೋಡ ಕಪ್ಪಾಗಿ ಕಾಣುವುದು ನಾವು ಅದರ ನೆರಳಿನ ಕಡೆ ನಿಂತಿರುವುದರಿಂದ. ಅದೇ ಮೋಡ ಪಕ್ಕದ ಊರಿನವರಿಗೆ ಬೆಳ್ಳಗೆ ಕಾಣುತ್ತಿರುತ್ತದೆ.

ಹೆಜ್ಜೆ 2: ಬೆಳಗ್ಗೆ ಒಂದು ಅಂಕಿ ನೋಡಿ

ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ‘60% ಮಳೆ’ ಎಂಬುದನ್ನು ಬಿಟ್ಟು ‘ಡ್ಯೂ ಪಾಯಿಂಟ್’ ಹುಡುಕಿ. ಗಾಳಿಯನ್ನು ಎಷ್ಟು ತಣ್ಣಗೆ ಮಾಡಿದರೆ ಇಬ್ಬನಿ ಕಟ್ಟುತ್ತದೆ ಎಂಬ ಲೆಕ್ಕ ಅದು. ಅಂಕಿ ಹೆಚ್ಚಿದಷ್ಟೂ ಗಾಳಿಯಲ್ಲಿ ನೀರಾವಿ ಹೆಚ್ಚು. ಏಪ್ರಿಲ್‌ನಲ್ಲಿ ಅದು 12 ಡಿಗ್ರಿಯ ಆಸುಪಾಸು ಇದ್ದರೆ ನಾನು ನಿಶ್ಚಿಂತೆಯಿಂದ ಸಂಡಿಗೆ ಹಾಕುತ್ತೇನೆ. 18 ದಾಟಿದರೆ ಮಧ್ಯಾಹ್ನ ಕಣ್ಣು ಮುಗಿಲ ಮೇಲೇ ಇರುತ್ತದೆ. ಮಧ್ಯಾಹ್ನದ ತಾಪಮಾನದ ಅಂಕಿಯಿಂದ ಇದನ್ನು ಕಳೆದು 125ರಿಂದ ಗುಣಿಸಿದರೆ ಹತ್ತಿ ಉಂಡೆಯಂಥ ರಾಶಿ ಮೋಡದ ತಳ ಎಷ್ಟು ಮೀಟರ್ ಎತ್ತರದಲ್ಲಿದೆ ಎಂಬ ಅಂದಾಜು ಸಿಗುತ್ತದೆ. 34ರಿಂದ 18 ಕಳೆದರೆ 16. ಅಂದರೆ ತಳ ಸುಮಾರು 2000 ಮೀಟರ್ ಮೇಲೆ.

ಸೂರ್ಯ, ಮೋಡ, ಮಳೆಯ ಚಿತ್ರ ತೋರಿಸುವ ಅಗ್ಗದ ಗೋಡೆ ಗಡಿಯಾರಗಳನ್ನು ದಯವಿಟ್ಟು ಕೊಳ್ಳಬೇಡಿ. ಅವು ಗಾಳಿಯ ಒತ್ತಡ ಇಳಿದರೆ ಮಳೆ ಎನ್ನುತ್ತವೆ. ಚಳಿದೇಶಗಳಲ್ಲಿ ಆ ಲೆಕ್ಕ ನಡೆಯುತ್ತದೆ. ನಮ್ಮ ಕಡೆ ಒತ್ತಡ ದಿನಾ ಬೆಳಗ್ಗೆ ಮತ್ತು ರಾತ್ರಿ ಹತ್ತರ ಹೊತ್ತಿಗೆ ಏರಿ, ನಾಲ್ಕರ ಹೊತ್ತಿಗೆ ಇಳಿಯುತ್ತದೆ. ಮೋಡವೇ ಇಲ್ಲದ ದಿನವೂ ಅದು ಹಾಗೆಯೇ.

ಹೆಜ್ಜೆ 3: ಮೋಡದ ಜಾತಿ ಗುರುತಿಸಿ

1802ರಲ್ಲಿ ಲಂಡನ್ನಿನ ಔಷಧ ವ್ಯಾಪಾರಿ ಲ್ಯೂಕ್ ಹೋವರ್ಡ್ ಮೋಡಗಳಿಗೆ ಲ್ಯಾಟಿನ್ ಹೆಸರಿಟ್ಟ. ಈಗ ಹತ್ತು ಮುಖ್ಯ ಜಾತಿಗಳಿವೆ. ತಾರಸಿಗೆ ಅಷ್ಟು ಬೇಡ. ಕುದುರೆ ಬಾಲದ ಕೂದಲಿನಂತೆ ಎಳೆಎಳೆಯಾಗಿದ್ದರೆ ಸಿರಸ್, ಅಂದರೆ ಹಿಮಕಣ ಮೋಡ. ಸೂರ್ಯನ ಸುತ್ತ ಬಳೆಯಂಥ ಉಂಗುರ ಕಂಡರೆ ಅದೂ ಹಿಮಕಣದ್ದೇ. ಎರಡೂ ತಾವಾಗಿ ಸಂಡಿಗೆ ನೆನೆಸುವುದಿಲ್ಲ.

ಮೊಸರು ಒಡೆದಂಥ ತುಣುಕುಗಳಾದರೆ ತೋಳು ಚಾಚಿ ಅಳೆಯಿರಿ. ತುಣುಕು ಕಿರುಬೆರಳಿಗಿಂತ ಚಿಕ್ಕದಿದ್ದರೆ ಮೋಡ ತುಂಬ ಮೇಲಿದೆ. ಮೂರು ಬೆರಳಿನವರೆಗೆ ಇದ್ದರೆ ನಡು ಎತ್ತರದ್ದು. ಅದಕ್ಕೂ ದೊಡ್ಡದಿದ್ದರೆ ಕೆಳಗಿನದು. ದಿಗಂತದ ಹತ್ತಿರ ಈ ಅಳತೆ ನಡೆಯದು, ಸಾಕಷ್ಟು ಮೇಲಿರುವ ಮೋಡಕ್ಕೆ ಮಾತ್ರ.

ಇಡೀ ಆಕಾಶ ಬೂದಿ ಹಾಸಿನಂತಾಗಿ ಸೂರ್ಯ ಎಲ್ಲಿದ್ದಾನೆಂದೇ ತಿಳಿಯದಿದ್ದರೆ ಅದು ನಿಂಬೊಸ್ಟ್ರೇಟಸ್. ಗಂಟೆಗಟ್ಟಲೆ ಸೋನೆ ಸುರಿಯುವ ಮೋಡ. ಆವತ್ತು ಸಂಡಿಗೆ ಹಾಕಲೇಬೇಡಿ.

ಹೆಜ್ಜೆ 4: ಹೂಕೋಸನ್ನು ಬಿಡದೆ ಕಾಯಿರಿ

ಎಲ್ಲರೂ ಎಡವುವುದು ಇಲ್ಲೇ. ಹನ್ನೊಂದರ ಹೊತ್ತಿಗೆ ಹತ್ತಿ ಉಂಡೆಯಂಥ ಸಣ್ಣ ಮುಗಿಲುಗಳು ಹುಟ್ಟುತ್ತವೆ. ಇವು ಕ್ಯುಮುಲಸ್, ನಮ್ಮ ಪಠ್ಯದ ರಾಶಿ ಮೋಡ. ಎತ್ತರಕ್ಕಿಂತ ಅಗಲ ಜಾಸ್ತಿ ಇರುವವರೆಗೆ ಚಿಂತೆಯಿಲ್ಲ. ಮಧ್ಯಾಹ್ನ ಒಂದರ ನಂತರ ಇವುಗಳಲ್ಲಿ ಕೆಲವು ಹೂಕೋಸಿನಂತೆ ಮೇಲಕ್ಕೆ ಬೆಳೆಯುತ್ತವೆ.

ಒಂದೇ ಜಾಗದಲ್ಲಿ ನಿಂತು ನೋಡಿ. ನೀರಿನ ಟ್ಯಾಂಕಿನ ಅಂಚನ್ನೋ ಕಂಬವನ್ನೋ ಗುರುತಿಟ್ಟುಕೊಂಡು ಮೋಡದ ತುದಿ ಅದಕ್ಕಿಂತ ಎಷ್ಟು ಬೆರಳು ಮೇಲಿದೆ ಎಂದು ಎಣಿಸಿ. ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ. ಒಮ್ಮೆ ನೋಡಿ ‘ದೊಡ್ಡದಿದೆ’ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಅದು ಕುಗ್ಗುತ್ತಲೂ ಇರಬಹುದು ಅಲ್ವಾ? ಸೂರ್ಯನ ಕಡೆ ನೇರವಾಗಿ ನೋಡಬೇಡಿ, ಅವನನ್ನು ಗೋಡೆಯ ಅಂಚಿನ ಹಿಂದೆ ಮರೆಮಾಡಿಕೊಳ್ಳಿ.

ಈಗ ತುದಿಯ ಅಂಚು ನೋಡಿ. ಕತ್ತರಿಸಿದಂತೆ ಚೂಪಾಗಿದ್ದರೆ ಒಳಗಿರುವುದು ಇನ್ನೂ ನೀರಿನ ಹನಿ, ಮೋಡ ಬೆಳೆಯುತ್ತಲೇ ಇದೆ. ಆ ಅಂಚು ಮಸುಕಾಗಿ, ನಾರುನಾರಾಗಿ, ಹಿಂಜಿದ ಹತ್ತಿಯಂತಾದರೆ ತುದಿ ಹಿಮವಾಗಿದೆ. ನಮ್ಮಲ್ಲಿ ಸೊನ್ನೆ ಡಿಗ್ರಿ ಸಿಗುವುದು ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ. ಈ ತುದಿ ಅದನ್ನೂ ದಾಟಿ ಎಷ್ಟೋ ಮೇಲೆ ಹೋಗಿದೆ. ಅಷ್ಟು ಹೊತ್ತಿಗೆ ಅದರ ಕೆಳಗೆ ಮಳೆ ಶುರುವಾಗಿರುತ್ತದೆ. ಮುಂದೆ ತಲೆ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನಂತೆ ಹರಡುತ್ತದೆ. ಇದೇ ಕ್ಯುಮುಲೋನಿಂಬಸ್. ಗುಡುಗು, ಸಿಡಿಲು, ಆಲಿಕಲ್ಲು ಎಲ್ಲ ಇದರದ್ದೇ. ಹೂಕೋಸಿನಿಂದ ಅಡಿಗಲ್ಲಾಗಲು ಅರ್ಧ ಗಂಟೆ ಸಾಕಾಗಬಹುದು. ಅದಕ್ಕೇ ಊಟದ ತಟ್ಟೆ ಹಿಡಿದಾದರೂ ತಾರಸಿಯಲ್ಲೇ ಇರಿ ಅನ್ನುವುದು.

ಮಲೆನಾಡಿನ ಮುಂಗಾರಿನಲ್ಲಿ ಇದು ಯಾವುದೂ ನಡೆಯದು. ಅಲ್ಲಿ ಅರಬ್ಬಿ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಬೇಕು, ಮೋಡ ತಲೆಯ ಮೇಲೆಯೇ ಕೂರುತ್ತದೆ. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ, ಘಟ್ಟದ ಮರೆಯ ಚಳ್ಳಕೆರೆಗೆ 500ರ ಆಸುಪಾಸು ಆಗುವುದು ಹೀಗೆ.

ಹೆಜ್ಜೆ 5: ದೂರ, ದಿಕ್ಕು ಲೆಕ್ಕ ಹಾಕಿ

ತೋಳು ಚಾಚಿ ಮುಷ್ಟಿ ಹಿಡಿದರೆ ಅದು ಸುಮಾರು 10 ಡಿಗ್ರಿ. ಅಡಿಗಲ್ಲಿನ ತುದಿ 12 ಕಿಲೋಮೀಟರ್ ಎತ್ತರವಿದೆ ಎಂದಿಟ್ಟುಕೊಳ್ಳಿ. ದಿಗಂತದಿಂದ ಒಂದು ಮುಷ್ಟಿ ಮೇಲೆ ಕಂಡರೆ ಅದು ಸುಮಾರು 70 ಕಿಲೋಮೀಟರ್ ದೂರ. ಮೂರು ಮುಷ್ಟಿ ಆದರೆ ಬರೀ 20. ದಿಕ್ಕಿಗೆ ತೆಂಗಿನ ಗರಿ ನೋಡಬೇಡಿ, ಕೆಳಗಿನ ಗಾಳಿ ಬೇರೆ, ಮೇಲಿನದು ಬೇರೆ. ಕಂಬದ ತುದಿಗೆ ಮೋಡವನ್ನು ತಾಗಿಸಿಟ್ಟುಕೊಂಡು ಎರಡು ನಿಮಿಷ ನೋಡಿ. ಪಕ್ಕಕ್ಕೆ ಸರಿದರೆ ತಪ್ಪಿಹೋಗಬಹುದು. ಪಕ್ಕಕ್ಕೆ ಸರಿಯದೆ ದೊಡ್ಡದಾಗುತ್ತಾ ಹೋದರೆ ನಿಮ್ಮ ಕಡೆಗೇ ಬರುತ್ತಿದೆ.

ಹೆಜ್ಜೆ 6: ಎತ್ತಿಡಿ

ಸಂಡಿಗೆಗೆ ಪ್ಲಾಸ್ಟಿಕ್ ಹಾಳೆ ಬೇಡ, ಹಳೆಯ ಹತ್ತಿ ಪಂಚೆಯೇ ಸರಿ. ಗಾಳಿಗೆ ಹಾರದು, ನಾಲ್ಕು ಮೂಲೆ ಹಿಡಿದರೆ ಒಂದು ನಿಮಿಷದಲ್ಲಿ ಎಲ್ಲ ಒಳಗೆ. ಬಿಸಿಲಲ್ಲಿ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ದೂಳೆಬ್ಬಿಸಿಕೊಂಡು ಬಂದರೆ ಅದು ಮಳೆಯ ಜೊತೆ ಮೋಡದಿಂದ ಬಿದ್ದ ಗಾಳಿ. ಹನಿ ಅದರ ಬೆನ್ನಿಗೇ ಇರುತ್ತದೆ.

ಆದರೆ ಅಷ್ಟರಲ್ಲಿ ಮಿಂಚಿದರೆ ಎಣಿಸಿ. ಮಿಂಚಿಗೂ ಗುಡುಗಿಗೂ ನಡುವಿನ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30 ಸೆಕೆಂಡಿಗಿಂತ ಕಡಿಮೆ ಬಂದರೆ ತಾರಸಿಗೆ ಹೋಗಬೇಡಿ, ಮನೆಯವರನ್ನೂ ಬಿಡಬೇಡಿ. ಸಿಡಿಲು ಮಳೆ ಬೀಳುವ ಜಾಗದಿಂದ ಎಷ್ಟೋ ದೂರಕ್ಕೂ ಹೊಡೆಯುತ್ತದೆ. ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ಹಾಕಿಸಿಕೊಂಡಿರಿ. ಸಂಡಿಗೆ ನೆನೆದರೆ ನೆನೆಯಲಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಪಂಚೆ ತರಲು ಹೋಗಿ.