ಕಾಯ್ ರಾಂಗ್‌ನ ತೇಲುವ ಸಂತೆ: ಹುಬ್ಬಳ್ಳಿ ಕಡೆಯಿಂದ ಹೋಗುವವರಿಗೆ

ಅಮರಗೋಳದ ಎಪಿಎಂಸಿ ಪ್ರಾಂಗಣಕ್ಕೆ ಹೋಗಿ ಒಂದೇ ಒಂದು ಉಳ್ಳಾಗಡ್ಡಿ ಕೊಡಿ ಎಂದು ಯಾರೂ ಕೇಳುವುದಿಲ್ಲ. ವಿಯೆಟ್ನಾಂನ ದಕ್ಷಿಣಕ್ಕೆ, ಮೆಕಾಂಗ್ ನದಿಯ ಮುಖಜಭೂಮಿಯಲ್ಲಿರುವ ಕಾಯ್ ರಾಂಗ್ ತೇಲುವ ಸಂತೆಯನ್ನು ನೋಡಲು ಹೊರಡುವವರು ಮೊದಲು ನೆನಪಿಡಬೇಕಾದದ್ದು ಇದನ್ನೇ. ಅದು ಪ್ರವಾಸಿಗರಿಗಾಗಿ ಹುಟ್ಟಿದ ಸಂತೆಯಲ್ಲ. ತೋಟದ ಹಣ್ಣು, ಹೊಲದ ಕಾಯಿಪಲ್ಲೆಗಳನ್ನು ದೊಡ್ಡ ದೋಣಿಗಳು ತಂದು, ಸಣ್ಣ ದೋಣಿಯ ವ್ಯಾಪಾರಿಗಳಿಗೆ ಸಗಟಾಗಿ ಮಾರುವ ನೀರಿನ ಮೇಲಿನ ಪೇಟೆ. ಈ ತಿಳಿವಳಿಕೆ ಇದ್ದರೆ ಎಷ್ಟು ಹೊತ್ತಿಗೆ ಹೋಗಬೇಕು, ಏನು ನೋಡಬೇಕು, ಯಾರ ಬಳಿ ಕೊಳ್ಳಬೇಕು ಎಂಬುದೆಲ್ಲ ತಾನಾಗಿಯೇ ಸ್ಪಷ್ಟವಾಗುತ್ತದೆ.

ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುವುದನ್ನು ಕಂಡವರಿಗೆ, ನಮ್ಮ ನದಿಗಳಲ್ಲಿ ಇಂಥ ಸಂತೆ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆ ಸಹಜವಾಗಿ ಬರಬಹುದು. ಮಳೆಗಾಲದಲ್ಲಿ ದಡ ಮೀರಿ ಹರಿದು ಬೇಸಿಗೆಯಲ್ಲಿ ಬಂಡೆ, ಮರಳು ಕಾಣಿಸುವ ನಮ್ಮ ಹೊಳೆಗಳಲ್ಲಿ ಹರಿಗೋಲು ದಾಟಿಸಬಹುದೇ ಹೊರತು, ವರ್ಷವಿಡೀ ಸರಕು ಹೊತ್ತ ದೋಣಿಯನ್ನು ನಡೆಸುವುದು ಕಷ್ಟ. ಮೆಕಾಂಗ್‌ನ ಮುಖಜಭೂಮಿಯಾದರೋ ಸಮತಟ್ಟು. ಅಲ್ಲಿ ನದಿಯ ಕವಲುಗಳೂ ತೋಡಿದ ಕಾಲುವೆಗಳೂ ಬಲೆಯಂತೆ ಹೆಣೆದುಕೊಂಡಿವೆ. ರಸ್ತೆಗಳು ಬರುವ ಮೊದಲು ನೀರೇ ಅಲ್ಲಿನ ಹೆದ್ದಾರಿಯಾಗಿತ್ತು.

ಪ್ರಯಾಣದ ವಿಷಯದಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ. ವಿಯೆಟ್ನಾಂ ಸರ್ಕಾರದ ಅಧಿಕೃತ ಜಾಲತಾಣದಲ್ಲಿಯೇ ಇ-ವೀಸಾ ಪಡೆಯಬಹುದು. ಒಂದು ಬಾರಿಯ ಪ್ರವೇಶಕ್ಕೆ ಶುಲ್ಕ 25 ಡಾಲರ್. ಧಾರವಾಡದಿಂದ ಹುಬ್ಬಳ್ಳಿಯ ಮೇಲೆ ಹೋಗುವ ವಂದೇ ಭಾರತ್ ಅಥವಾ ರಾತ್ರಿಯ ರೈಲು ಹಿಡಿದು ಬೆಂಗಳೂರು ತಲುಪಿ, ಅಲ್ಲಿಂದ ವಿಮಾನದಲ್ಲಿ ಹೋ ಚಿ ಮಿನ್ ನಗರಕ್ಕೆ ಹೋಗಬೇಕು. ಆ ನಗರದಿಂದ ಸಂತೆಯಿರುವ ಕಾನ್ ಥೋ ಪಟ್ಟಣಕ್ಕೆ ಸುಮಾರು 170 ಕಿಲೋಮೀಟರ್ ದೂರವಿದ್ದು, ಬಸ್ಸಿನಲ್ಲಿ ಮೂರೂವರೆ ನಾಲ್ಕು ತಾಸು ಹಿಡಿಯುತ್ತದೆ. ಬೆಳಿಗ್ಗೆ ಹೊರಟು ಸಂಜೆ ಮರಳುವ ಒಂದು ದಿನದ ಪ್ರವಾಸವನ್ನು ಮಾತ್ರ ಒಪ್ಪಿಕೊಳ್ಳಬಾರದು, ಏಕೆಂದರೆ ಬಸ್ಸು ಮುಟ್ಟುವ ಹೊತ್ತಿಗೆ ಸಂತೆ ಮುಗಿದಿರುತ್ತದೆ. ಹಿಂದಿನ ರಾತ್ರಿ ಕಾನ್ ಥೋದಲ್ಲಿಯೇ ತಂಗಬೇಕು.

ಸಂತೆಗೆ ಜೀವವಿರುವುದು ಬೆಳಗಿನ ಐದರಿಂದ ಏಳೂವರೆ, ಹೆಚ್ಚೆಂದರೆ ಎಂಟು ಗಂಟೆಯವರೆಗೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಮುಂದಿರುವುದರಿಂದ, ಅಲ್ಲಿಯ ಐದು ಗಂಟೆಗೆ ನಿಮ್ಮ ದೇಹಕ್ಕೆ ಇನ್ನೂ ಮೂರೂವರೆ ಆಗಿರುತ್ತದೆ. ಬಂದಿಳಿದ ಮರುದಿನವೇ ಸಂತೆ ಎಂದು ಯೋಜಿಸುವವರು ಇದನ್ನು ಗಮನಿಸಬೇಕು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಯ ಕಾಟ ಕಡಿಮೆ. ಅವರ ಹೊಸ ವರ್ಷವಾದ ತೆತ್ ಹಬ್ಬದ ಮುನ್ನಾ ದಿನಗಳಲ್ಲಿ ಹೊಳೆ ತುಂಬ ದೋಣಿಗಳಿರುತ್ತವೆ. ಆದರೆ ಹಬ್ಬ ಆರಂಭವಾದ ಮೇಲಿನ ಕೆಲವು ದಿನ ವ್ಯಾಪಾರವೇ ಇರುವುದಿಲ್ಲ.

ಪಟ್ಟಣದ ನಿನ್ ಕಿಯೂ ದಕ್ಕೆಯಿಂದ ಸಂತೆಗೆ ನೀರಿನ ಹಾದಿಯಲ್ಲಿ ಸುಮಾರು 6 ಕಿಲೋಮೀಟರ್. ದೊಡ್ಡ ಪ್ರವಾಸಿ ದೋಣಿಗಿಂತ ನಾಲ್ಕಾರು ಜನ ಕೂರುವ ಸಣ್ಣ ದೋಣಿಯೇ ಲೇಸು, ಏಕೆಂದರೆ ಅದು ಲಂಗರು ಹಾಕಿ ನಿಂತ ಸಗಟು ದೋಣಿಗಳ ನಡುವಿನ ಸಂದುಗಳಲ್ಲಿ ನುಸುಳಬಲ್ಲದು. ಬಾಡಿಗೆಯನ್ನೂ ಎಷ್ಟು ತಾಸು ಎಂಬುದನ್ನೂ ಹಿಂದಿನ ಸಂಜೆಯೇ ನಿಷ್ಕರ್ಷಿಸಿಕೊಂಡು, ಮೊತ್ತವನ್ನು ಮೊಬೈಲಿನಲ್ಲಿ ಅಂಕಿ ಒತ್ತಿ ತೋರಿಸಿದರೆ ಭಾಷೆಯ ತೊಡಕು ಉಳಿಯುವುದಿಲ್ಲ. ಜೀವರಕ್ಷಕ ಜಾಕೆಟ್ ಕೇಳಿ ಧರಿಸಬೇಕು.

ಇನ್ನು ನೋಡುವ ಬಗೆ. ಎಂಜಿನ್ನುಗಳ ಸದ್ದಿನಲ್ಲಿ ಕೂಗಿ ಮಾರುವುದು ಅಸಾಧ್ಯವಾದ್ದರಿಂದ, ಪ್ರತಿಯೊಂದು ದೋಣಿಯೂ ತನ್ನ ಸರಕಿನ ಮಾದರಿಯನ್ನು ಉದ್ದನೆಯ ಬಿದಿರಿನ ಗಳಕ್ಕೆ ಕಟ್ಟಿ ಎತ್ತರದಲ್ಲಿ ತೂಗಿಬಿಡುತ್ತದೆ. ಈ ಗಳಕ್ಕೆ ಅವರು ‘ಕಾಯ್ ಬೆಯೊ’ ಎನ್ನುತ್ತಾರೆ. ಅನಾನಸು ತೂಗುತ್ತಿದ್ದರೆ ಅಲ್ಲಿ ಅನಾನಸು, ಕುಂಬಳ ತೂಗುತ್ತಿದ್ದರೆ ಕುಂಬಳ. ಇಷ್ಟು ಮೊದಲ ನೋಟಕ್ಕೇ ತಿಳಿಯುತ್ತದೆ. ತೂಗುಹಾಕಿಯೂ ಮಾರದಿರುವುದು ಒಂದಿದೆ, ಒಣಹಾಕಿದ ಬಟ್ಟೆ: ವ್ಯಾಪಾರಿ ಕುಟುಂಬಗಳಿಗೆ ದೋಣಿಯೇ ಮನೆ. ತೂಗುಹಾಕದೆ ಮಾರುವುದು ಕಾಫಿ ಮತ್ತು ಬಿಸಿ ಶಾವಿಗೆ ಸಾರು, ಅವುಗಳನ್ನು ಗಳಕ್ಕೆ ಕಟ್ಟುವುದಾದರೂ ಹೇಗೆ? ಕೊನೆಯದು ಎಲ್ಲಕ್ಕಿಂತ ಸ್ವಾರಸ್ಯಕರ. ಗಳದ ತುದಿಯಲ್ಲಿ ತೆಂಗಿನ ಒಣಗರಿಯೊಂದು ತೂಗುತ್ತಿದ್ದರೆ ಗರಿಯ ಬೆಲೆ ಕೇಳಬಾರದು. ಮಾರಾಟಕ್ಕಿರುವುದು ಆ ದೋಣಿಯೇ. ಈ ನಾಲ್ಕನ್ನು ತಿಳಿದುಕೊಂಡು ಹೋದವರಿಗೆ ಮಾರ್ಗದರ್ಶಿಯ ವಿವರಣೆ ಬೇಕಾಗುವುದಿಲ್ಲ. ಹಲವು ದೋಣಿಗಳ ಮೂತಿಯ ಎರಡೂ ಬದಿಗೆ ಬರೆದಿರುವ ಕಣ್ಣುಗಳನ್ನೂ ಗಮನಿಸಬಹುದು.

ಹಣ್ಣನ್ನು ಕೊಳ್ಳುವುದಾದರೆ ನಿಮ್ಮ ದೋಣಿಯ ಪಕ್ಕಕ್ಕೇ ಬಂದು ಹೊಂದಿಕೊಳ್ಳುವ ಚಿಲ್ಲರೆ ಮಾರುವವರಲ್ಲಿ ಕೊಳ್ಳಬೇಕು. ಅವರು ಅನಾನಸನ್ನು ಸುಲಿದು, ಕಣ್ಣು ತೆಗೆದು ಕೊಡುತ್ತಾರೆ. ಹಣ ಕೊಡುವಾಗ ನೋಟಿನ ಸೊನ್ನೆಗಳನ್ನು ಎಣಿಸಲೇಬೇಕು. 20 ಸಾವಿರ ಡಾಂಗ್ ಮತ್ತು 5 ಲಕ್ಷ ಡಾಂಗ್‌ನ ನೋಟುಗಳೆರಡೂ ನೀಲಿ ಛಾಯೆಯವು, ನಸುಗತ್ತಲೆಯಲ್ಲಿ ಒಂದರ ಬದಲು ಇನ್ನೊಂದು ಕೈಬಿಟ್ಟುಹೋಗುವುದು ಸುಲಭ.

ಸಸ್ಯಾಹಾರಿಗಳು ಕಲಿಯಬೇಕಾದ ಶಬ್ದ ಒಂದೇ: ‘ಚಾಯ್’. ಅದು ನಮ್ಮ ಚಹಾ ಅಲ್ಲ. ಅವರ ಭಾಷೆಯಲ್ಲಿ ಸಸ್ಯಾಹಾರವೆಂದು ಅರ್ಥ. ದೋಣಿಯಲ್ಲಿ ಮಾರುವ ಶಾವಿಗೆ ಸಾರು ಸಾಮಾನ್ಯವಾಗಿ ಹಂದಿಯ ಎಲುಬಿನದು, ಕಾಯಿಪಲ್ಲೆಯ ಪದಾರ್ಥಕ್ಕೂ ಮೀನಿನ ರಸ ಬೆರೆಸಿರುತ್ತಾರೆ. ಆದ್ದರಿಂದ ಸಂತೆಯಲ್ಲಿ ಹಣ್ಣು ಮತ್ತು ಕಾಫಿಗಷ್ಟೇ ನಿಂತು, ಊಟಕ್ಕೆ ಪಟ್ಟಣದಲ್ಲಿ ‘ಕೊಮ್ ಚಾಯ್’ ಎಂಬ ಫಲಕ ಹುಡುಕುವುದು ಸುರಕ್ಷಿತ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಹೋದರೆ ಈ ಹುಡುಕಾಟ ಹಗುರ, ಏಕೆಂದರೆ ಚಾಂದ್ರಮಾನ ತಿಂಗಳ ಮೊದಲ ಮತ್ತು ಹದಿನೈದನೆಯ ದಿನ ಅಲ್ಲಿನ ಬೌದ್ಧರಲ್ಲಿ ಅನೇಕರು ಮಾಂಸ ಬಿಡುತ್ತಾರೆ.

2016ರಲ್ಲಿ ಈ ಸಂತೆಯ ಸಂಸ್ಕೃತಿಗೆ ರಾಷ್ಟ್ರೀಯ ಅಮೂರ್ತ ಪರಂಪರೆಯ ಮನ್ನಣೆ ದೊರೆತಿದೆಯಾದರೂ, ರಸ್ತೆಗಳು ಸುಧಾರಿಸಿ ಸರಕು ಲಾರಿಗೇರಿದ ಮೇಲೆ ದೋಣಿಗಳು ಬಹಳವಾಗಿ ಕಡಿಮೆಯಾಗಿವೆ. ಹಳೆಯ ಛಾಯಾಚಿತ್ರಗಳಲ್ಲಿ ಕಾಣುವ ದಟ್ಟಣೆಯನ್ನು ನಿರೀಕ್ಷಿಸಿ ಹೋಗಬಾರದು. ಎಂಟು ಗಂಟೆಗೆ ದೊಡ್ಡ ದೋಣಿಗಳ ಗದ್ದಲ ಇಳಿದಾಗ, ಹಿಂದಿರುಗುವ ದಾರಿಯಲ್ಲಿ ಸಣ್ಣ ಕಾಲುವೆಯೊಂದಕ್ಕೆ ತಿರುಗಿಸುವಂತೆ ದೋಣಿಯವರನ್ನು ಕೇಳಿಕೊಳ್ಳಬಹುದು. ಕೊಂಡ ಹಣ್ಣನ್ನು ಅಲ್ಲಿಯೇ ತಿಂದು ಮುಗಿಸಬೇಕು, ಅನುಮತಿಯಿಲ್ಲದೆ ತಾಜಾ ಹಣ್ಣನ್ನು ಭಾರತದೊಳಗೆ ತರುವಂತಿಲ್ಲ. ಮನೆಯವರಿಗೆ ಹುರಿದ ಕಾಫಿಯ ಪುಡಿ ತಂದರಾಯಿತು.