ನನ್ನ ಸಿಂಥ್‌ನ ಗುಂಯ್ ಸದ್ದು ಕೊನೆಗೂ ನಿಂತಿತು

ನಾನೇ ಜೋಡಿಸಿದ ಅನಲಾಗ್ ಸಿಂಥ್ (ಸಿಂಥಸೈಜರ್, ಸರ್ಕ್ಯೂಟ್‌ಗಳಿಂದಲೇ ಸ್ವರ ಹೊರಡಿಸುವ ಕೀಬೋರ್ಡ್ ವಾದ್ಯ) ಆನ್ ಮಾಡಿದರೆ ಸಾಕು, ಯಾವ ಕೀ ಒತ್ತದಿದ್ದರೂ ಗುಂಯ್ ಅಂತ ಒಂದೇ ಸಮನೆ ಸದ್ದು. ಪವರ್ ಸಪ್ಲೈ ಮೇಲೆ ಅನುಮಾನಪಟ್ಟು ಸುಮ್ನೆ ದೊಡ್ಡ ಕೆಪಾಸಿಟರ್ ಹಾಕಿದೆ. ಏನೂ ಬದಲಾಗಲಿಲ್ಲ.

ಆಮೇಲೆ ಸದ್ದನ್ನು ರೆಕಾರ್ಡ್ ಮಾಡಿ ಫ್ರೀಕ್ವೆನ್ಸಿ ನೋಡಿದೆ. 50 ಹರ್ಟ್ಸ್, ನಮ್ಮ ಮನೆ ಕರೆಂಟಿನದೇ ಫ್ರೀಕ್ವೆನ್ಸಿ! ಪವರ್ ಸಪ್ಲೈನ ಬ್ರಿಜ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ದಾಟಿ ಬಂದ ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ) ಆಗಿದ್ದರೆ ಅದರ ಎರಡರಷ್ಟು, 100 ಇರಬೇಕಿತ್ತು, ಅಲ್ವಾ? (60 ಹರ್ಟ್ಸ್ ಕರೆಂಟ್ ಇರುವ ಕಡೆ 60 ಮತ್ತು 120.) ಸೌಂಡ್ ಮಿಕ್ಸರ್‌ಗೆ ಹೋಗುವ ವೈರ್ ಕಿತ್ತು ಹೆಡ್‌ಫೋನ್‌ನಲ್ಲಿ ಕೇಳಿದರೂ ಅದೇ ಸದ್ದು, ಅಂದರೆ ತೊಂದರೆ ಪೆಟ್ಟಿಗೆಯ ಒಳಗೇ ಇದೆ.

ಹುಡುಕಿದಾಗ ಸಿಕ್ಕಿದ್ದು ಇಷ್ಟು: ಬೋರ್ಡಿನ ಗ್ರೌಂಡ್ (ಸರ್ಕ್ಯೂಟಿನ ಸೊನ್ನೆ ವೋಲ್ಟ್ ಸಂಪರ್ಕ) ಒಂದು ಸ್ಕ್ರೂ ಮೂಲಕ ಲೋಹದ ಪೆಟ್ಟಿಗೆಗೆ ಸೇರಿತ್ತು, ಔಟ್‌ಪುಟ್ ಜ್ಯಾಕ್‌ನ ಮೈ ಇನ್ನೊಂದು ಕಡೆ ಅದೇ ಪೆಟ್ಟಿಗೆಗೆ ತಾಗಿತ್ತು, ಹೀಗೆ ಆದ ಬಳೆಯಂಥ ಸುತ್ತಿನ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ಕೂತು, ಆ ಸುತ್ತಿನಲ್ಲಿ 50 ಹರ್ಟ್ಸ್ ಕರೆಂಟ್ ಹುಟ್ಟಿಸುತ್ತಿತ್ತು. ಜ್ಯಾಕ್‌ಗೆ ಪ್ಲಾಸ್ಟಿಕ್ ವಾಷರ್ ಹಾಕಿದೆ. ಎಲ್ಲ ಬೋರ್ಡುಗಳ ಗ್ರೌಂಡ್ ವೈರನ್ನೂ ಬೇರೆ ಬೇರೆಯಾಗಿ ಒಂದೇ ಬಿಂದುವಿಗೆ ತಂದು, ಅಲ್ಲಿಂದ ಮಾತ್ರ ಪೆಟ್ಟಿಗೆಗೆ ಜೋಡಿಸಿದೆ. ಸದ್ದು ಹೋಯಿತು!

ಪ್ಲಗ್‌ನ ಅರ್ಥ್ ಪಿನ್ ಕಿತ್ತರೂ ಕೆಲವೊಮ್ಮೆ ಸದ್ದು ನಿಲ್ಲುತ್ತದೆ, ಆದರೆ ದಯವಿಟ್ಟು ಅದನ್ನು ಮಾಡಬೇಡಿ, ಒಳಗೆ ಲೈವ್ ವೈರ್ ತಾಗಿದರೆ ಪೆಟ್ಟಿಗೆ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.