ಕೊರಿಯಾದಾಚೆಯ ಕೊರಿಯನ್ನರ ಚಿತ್ರೋತ್ಸವ: ಆಯ್ಕೆ ಸಮಿತಿಯಲ್ಲಿ ನನ್ನ ಅನುಭವ

ಕೊರಿಯಾದ ಹೊರಗೆ ನೆಲೆಸಿದ ಕೊರಿಯನ್ ಮೂಲದ ನಿರ್ದೇಶಕರಿಗಾಗಿಯೇ ಲಾಸ್ ಏಂಜಲೀಸ್‌ನಲ್ಲಿ ನಡೆಯುವ ಒಂದು ಸಣ್ಣ ಸ್ವತಂತ್ರ ಚಿತ್ರೋತ್ಸವದ ಆಯ್ಕೆ ಸಮಿತಿಯಲ್ಲಿ ನಾನು ಕೆಲವು ವರ್ಷಗಳಿಂದ ಇದ್ದೇನೆ. ಸಬ್‌ಟೈಟಲ್ ಕೆಲಸಕ್ಕೆಂದು ಸೇರಿದವನು ಕ್ರಮೇಣ ಆಯ್ಕೆಯ ಕೆಲಸಕ್ಕೂ ಬಂದೆ. ಸಮಿತಿಯಲ್ಲಿ ಕೊರಿಯನ್ ಮೂಲದವನಲ್ಲದವನು ನಾನೊಬ್ಬನೇ. ಒಳ್ಳೆಯ ಚಿತ್ರ ಯಾವುದೆಂದು ತೀರ್ಮಾನಿಸಲು ನಮಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಯಾರ ಚಿತ್ರವನ್ನು ಈ ಉತ್ಸವದ್ದೆಂದು ಎಣಿಸಬೇಕು, ಯಾವ ಚಿತ್ರದ ಜೊತೆಗೆ ಯಾವುದನ್ನು ತೋರಿಸಬೇಕು ಎಂಬ ಚರ್ಚೆಗೇ ಬಹುಪಾಲು ಸಭೆಗಳು ಮುಗಿದುಹೋಗುತ್ತವೆ.

‘ಪಾಸ್ಟ್ ಲೈವ್ಸ್’ ಚಿತ್ರದ ನಿರ್ದೇಶಕಿ ಸೆಲೀನ್ ಸಾಂಗ್ ದಕ್ಷಿಣ ಕೊರಿಯಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಕೆನಡಾಕ್ಕೆ ಹೋದವರು. ‘ಮಿನಾರಿ’ಯ ನಿರ್ದೇಶಕ ಲೀ ಐಸಾಕ್ ಚಂಗ್ ಅಮೆರಿಕದಲ್ಲೇ ಹುಟ್ಟಿ ಆರ್ಕನ್ಸಾದ ಹಳ್ಳಿಗಾಡಿನಲ್ಲಿ ಬೆಳೆದವರು. ಇಂಥವರ ವಿಷಯದಲ್ಲಿ ತಕರಾರೇ ಏಳುವುದಿಲ್ಲ. ಆದರೆ ಕುಟುಂಬವು ಕೊರಿಯಾ ಬಿಟ್ಟು ಬಂದಿರಬೇಕು ಎಂದು ನಿಯಮ ಬರೆದರೆ, ಕೊರಿಯನ್ ಯುದ್ಧದ ನಂತರದ ದಶಕಗಳಲ್ಲಿ ವಿದೇಶಗಳಿಗೆ ದತ್ತು ಹೋದ ಸುಮಾರು 2 ಲಕ್ಷ ಮಕ್ಕಳು ಅದರಿಂದ ಹೊರಗುಳಿಯುತ್ತಾರೆ. ಬೇರೊಬ್ಬ ಹುಡುಗಿಯ ಹೆಸರು ಮತ್ತು ದಾಖಲೆಗಳ ಮೇಲೆ 1966ರಲ್ಲಿ ಕ್ಯಾಲಿಫೋರ್ನಿಯಾದ ಮನೆಯೊಂದಕ್ಕೆ ದತ್ತು ಬಂದ ಡಿಯಾನ್ ಬೋರ್ಶೇ ಲೀಮ್ ಆ ಅನುಭವವನ್ನೇ ಸಾಕ್ಷ್ಯಚಿತ್ರಗಳನ್ನಾಗಿ ಮಾಡಿದ್ದಾರೆ; ಅವರಿಲ್ಲದೆ ಈ ಉತ್ಸವಕ್ಕೆ ಅರ್ಥವೇ ಇರುವುದಿಲ್ಲ. ಇದಕ್ಕೆ ತಿರುಗುಮುರುಗಾದ ಪ್ರಶ್ನೆಯನ್ನು 2022ರ ‘ರಿಟರ್ನ್ ಟು ಸೋಲ್’ ಎತ್ತಿತು. ಅದು ಫ್ರಾನ್ಸಿಗೆ ದತ್ತು ಹೋದ ಕೊರಿಯನ್ ಹೆಣ್ಣುಮಗಳ ಕಥೆ, ಆದರೆ ನಿರ್ದೇಶಕ ಡೇವಿ ಚೂ ಕಾಂಬೋಡಿಯಾ ಮೂಲದ ಫ್ರೆಂಚ್ ಪ್ರಜೆ. ಕಥೆ ಯಾರದ್ದು ಎಂಬುದಕ್ಕಿಂತ ಕ್ಯಾಮೆರಾದ ಹಿಂದೆ ಯಾರಿದ್ದಾರೆ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕೆಂದು ನಾನು ವಾದಿಸಿದೆ. ಅಂಥ ಚಿತ್ರಗಳನ್ನು ವಿಶೇಷ ಪ್ರದರ್ಶನಕ್ಕೆ ಕರೆಯಬಹುದು, ಸ್ಪರ್ಧೆಗೆ ಬೇಡ ಎಂದು ತೀರ್ಮಾನವಾಯಿತು.

ಅರ್ಜಿ ಕರೆದು ಸುಮ್ಮನೆ ಕುಳಿತರೆ ಬರುವ ಚಿತ್ರಗಳಲ್ಲಿ ಬಹುಪಾಲು ಅಮೆರಿಕದವೇ ಆಗಿರುತ್ತವೆ. ಆದರೆ ಕೊರಿಯನ್ನರು ಹೊರಟ ದಾರಿಗಳು ಹಲವು. 1903ರಲ್ಲಿ ಹವಾಯಿಯ ಕಬ್ಬಿನ ತೋಟಗಳಿಗೆ, 1905ರಲ್ಲಿ ಮೆಕ್ಸಿಕೋದ ಯುಕಟಾನ್‌ಗೆ, ಅಲ್ಲಿಂದ 1921ರಲ್ಲಿ ಕೆಲವರು ಕ್ಯೂಬಾಕ್ಕೆ ಹೋದರು. 1937ರಲ್ಲಿ ಸ್ಟಾಲಿನ್ ಸೋವಿಯತ್ ದೂರಪೂರ್ವದಲ್ಲಿದ್ದ ಸುಮಾರು 1,70,000 ಕೊರಿಯನ್ನರನ್ನು ರೈಲುಗಳಲ್ಲಿ ತುಂಬಿಸಿ ಕಜಾಕಿಸ್ತಾನ ಮತ್ತು ಉಜ್ಬೇಕಿಸ್ತಾನಕ್ಕೆ ಅಟ್ಟಿದ. 1960ರ ದಶಕದಿಂದ ಗಣಿ ಕಾರ್ಮಿಕರೂ ನರ್ಸ್‌ಗಳೂ ಪಶ್ಚಿಮ ಜರ್ಮನಿಗೆ ಹೋದರು. ಆದ್ದರಿಂದ ಕಾರ್ಯಕ್ರಮದ ಒಂದು ಭಾಗವನ್ನು ನಾವು ಅರ್ಜಿಗಳಿಗೆ ಬಿಡದೆ ಆಹ್ವಾನಕ್ಕೇ ಮೀಸಲಿಡುತ್ತೇವೆ, ಮಧ್ಯ ಏಷ್ಯಾದವರಿಂದ ಪ್ರವೇಶ ಶುಲ್ಕ ಪಡೆಯುವುದಿಲ್ಲ. ಚೀನಾದ ಯಾನ್‌ಬಿಯಾನ್‌ನ ಝಾಂಗ್ ಲು, ಜಪಾನಿನ ಒಸಾಕಾದಲ್ಲಿ ಹುಟ್ಟಿದ ಯಾಂಗ್ ಯೋಂಗ್-ಹೀ ಮುಂತಾದವರ ಚಿತ್ರಗಳನ್ನು ನಾವಾಗಿಯೇ ಹುಡುಕಿಕೊಂಡು ಹೋಗಬೇಕು. ಯಾಂಗ್ ಅವರ ತಂದೆ ಉತ್ತರ ಕೊರಿಯಾದ ಪರವಾಗಿದ್ದ ಸಂಘಟನೆಯ ಮುಖಂಡರು. ಅವರು ತಮ್ಮ ಮೂವರು ಗಂಡುಮಕ್ಕಳನ್ನೂ ಅಲ್ಲಿಗೆ ಕಳುಹಿಸಿದರು. ಅದನ್ನು ಕುರಿತು ಮಗಳು 2005ರಲ್ಲಿ ಚಿತ್ರ ಮಾಡಿದ ಮೇಲೆ ಆಕೆಗೆ ಉತ್ತರ ಕೊರಿಯಾದ ಬಾಗಿಲು ಮುಚ್ಚಿತು. (ನಾನು ಇಲ್ಲಿನ ಕನ್ನಡ ಕೂಟಗಳಲ್ಲಿ ನೋಡಿದ ಚಿತ್ರಗಳೆಲ್ಲ ಬೆಂಗಳೂರಿನಿಂದ ಬಂದವು, ಇಲ್ಲೇ ಬೆಳೆದ ಕನ್ನಡದ ಮಕ್ಕಳು ತೆಗೆದ ಚಿತ್ರಗಳನ್ನು ಯಾರಾದರೂ ಹುಡುಕಿದ್ದಾರೆಯೇ ಎಂಬ ಕುತೂಹಲ ನನಗೆ ಹುಟ್ಟಿದ್ದು ಈ ಕೆಲಸದಿಂದಲೇ.)

ಚಿತ್ರಗಳನ್ನು ಜೋಡಿಸುವ ಕೆಲಸದಲ್ಲಿ ನನಗೆ ಅತ್ಯಂತ ಕಠಿಣವೆನಿಸಿದ್ದು ಲಾಸ್ ಏಂಜಲೀಸ್‌ನ 1992ರ ಗಲಭೆಯ ವಿಷಯ. ಆ ವರ್ಷದ ಏಪ್ರಿಲ್ 29ರಂದು, ಕಪ್ಪು ಜನಾಂಗದ ರಾಡ್ನಿ ಕಿಂಗ್ ಅವರನ್ನು ಥಳಿಸಿದ್ದ ಪೊಲೀಸರ ಖುಲಾಸೆಯ ನಂತರ ಭುಗಿಲೆದ್ದ ಹಿಂಸೆಯಲ್ಲಿ ಕೊರಿಯನ್ನರ 2,000ಕ್ಕೂ ಹೆಚ್ಚು ಅಂಗಡಿಗಳು ಸುಟ್ಟುಹೋದವು ಅಥವಾ ಲೂಟಿಯಾದವು. ಆ ದಿನವನ್ನು ಕೊರಿಯನ್ನರು ‘ಸಾ-ಇ-ಗು’ (ನಾಲ್ಕು-ಎರಡು-ಒಂಬತ್ತು, ಅಂದರೆ ಏಪ್ರಿಲ್ 29) ಎನ್ನುತ್ತಾರೆ. ಅದೇ ಹೆಸರಿನ 1993ರ ಸಾಕ್ಷ್ಯಚಿತ್ರದಲ್ಲಿ, ಅಂಗಡಿ ಕಳೆದುಕೊಂಡ ಹೆಂಗಸರು ಗಲಭೆಯ ಮೂರು ತಿಂಗಳ ನಂತರ ಮಾತನಾಡುತ್ತಾರೆ. ಜಸ್ಟಿನ್ ಚಾನ್ ಅವರ 2017ರ ‘ಗುಕ್’ ಕಪ್ಪು-ಬಿಳುಪಿನ ಕಥಾಚಿತ್ರ. ಗಲಭೆಯ ದಿನ ತಮ್ಮ ಪಾದರಕ್ಷೆಯ ಅಂಗಡಿಯಲ್ಲಿ ಸಿಲುಕುವ ಇಬ್ಬರು ಕೊರಿಯನ್ ಸಹೋದರರು ಮತ್ತು ಅವರನ್ನೇ ನೆಚ್ಚಿಕೊಂಡ ಕಪ್ಪು ಹುಡುಗಿಯೊಬ್ಬಳ ಕಥೆ ಅದರದ್ದು. ನಿರ್ದೇಶಕರ ತಂದೆಯ ಅಂಗಡಿಯೂ ನಿಜವಾಗಿ ಲೂಟಿಯಾಗಿತ್ತು, ಆ ತಂದೆಯೇ ಚಿತ್ರದಲ್ಲಿ ನಟಿಸಿದ್ದಾರೆ. ಕಥಾಚಿತ್ರ ಮೊದಲಿದ್ದರೆ ಯುವಕರು ಬರುತ್ತಾರೆಂದು ಸಮಿತಿಯ ಕೆಲವರು ಹೇಳಿದರು. ಸಾಕ್ಷ್ಯಚಿತ್ರವೇ ಮೊದಲಿರಲಿ ಎಂದು ನಾನು ಪಟ್ಟು ಹಿಡಿದೆ: ಆ ಹೆಂಗಸರ ಮಾತನ್ನು ಮೊದಲು ಕೇಳಿದವರಿಗೆ ‘ಗುಕ್’ನಲ್ಲಿ ಎದುರಿನ ಅಂಗಡಿಯ ಸಿಡುಕು ಮುದುಕ ಬರೀ ಖಳನಾಗಿ ಕಾಣುವುದಿಲ್ಲ. ಚರ್ಚೆಯನ್ನು ಆ ಪ್ರದೇಶದ ಕಪ್ಪು ನಿವಾಸಿಯೊಬ್ಬರೇ ನಡೆಸಿಕೊಡಬೇಕೆಂಬುದು ನನ್ನ ಎರಡನೆಯ ಷರತ್ತಾಗಿತ್ತು. ಕೊರಿಯನ್ನರ ನಷ್ಟವನ್ನು ಕೊರಿಯನ್ನರಷ್ಟೇ ಕೂತು ಮಾತನಾಡಿಕೊಂಡರೆ ಆ ದಿನದ ಅರ್ಧ ಭಾಗ ಸಭಾಂಗಣದ ಹೊರಗೇ ಉಳಿಯುತ್ತದೆ.

ಪ್ರೇಕ್ಷಕರಲ್ಲಿ ಇಂಗ್ಲಿಷ್ ಅಷ್ಟಾಗಿ ಬಾರದ ಅಜ್ಜಿಯರೂ ಕೊರಿಯನ್ ಬಾರದ ಅವರ ಮೊಮ್ಮಕ್ಕಳೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಹಾಗಾಗಿ ಕೊರಿಯನ್ ಮಾತಿಗೆ ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಸಾಲದು, ಇಂಗ್ಲಿಷ್ ಮಾತಿಗೆ ಕೊರಿಯನ್ ಸಬ್‌ಟೈಟಲ್ ಕೂಡ ಬೇಕು. ಚಿತ್ರವನ್ನು ಆರಿಸಿದ ದಿನವೇ ಸಬ್‌ಟೈಟಲ್ ಅಚ್ಚಾಗಿರದ ಪ್ರತಿಯನ್ನೂ ಸಮಯದ ಗುರುತುಗಳಿರುವ ಸಬ್‌ಟೈಟಲ್ ಕಡತವನ್ನೂ ಪ್ರತ್ಯೇಕವಾಗಿ ಕೇಳಿಬಿಡುವುದು ಒಳ್ಳೆಯದು. ಇಂಗ್ಲಿಷ್ ಸಾಲುಗಳು ಚಿತ್ರದ ಮೇಲೆ ಅಚ್ಚಾಗಿಯೇ ಬಂದರೆ, ಪರದೆಯ ಕೆಳಗೆ ಇನ್ನೊಂದು ಪ್ರೊಜೆಕ್ಟರಿನಿಂದ ಕೊರಿಯನ್ ಸಾಲುಗಳನ್ನು ಹಾಯಿಸುತ್ತೇವೆ. ಅದಕ್ಕೆ ಚಿತ್ರವನ್ನು ಬಲ್ಲ ಒಬ್ಬರು ಉದ್ದಕ್ಕೂ ಕೂತು ಗುಂಡಿ ಒತ್ತುತ್ತಿರಬೇಕು. ಇಂಗ್ಲಿಷ್ ಸಾಲಿಗೆ 42 ಅಕ್ಷರಗಳು ಹಿಡಿಯುವ ಕಡೆ ಕೊರಿಯನ್ ಸಾಲನ್ನು 16ಕ್ಕೇ ನಿಲ್ಲಿಸುವುದು ನಮ್ಮ ಪದ್ಧತಿ.

ಉಳಿದದ್ದು ಯಾವುದೇ ಉತ್ಸವದಲ್ಲಿರುವ ಕೆಲಸವೇ. ಚಿತ್ರಮಂದಿರಕ್ಕೆ ಬರುವ ಚಿತ್ರದ ಡಿಜಿಟಲ್ ಪ್ರತಿಗೆ (ಡಿಸಿಪಿ) ಬೀಗವಿದ್ದರೆ ಅದರ ಡಿಜಿಟಲ್ ಕೀಲಿ ಒಂದು ನಿರ್ದಿಷ್ಟ ಸರ್ವರಿಗೆ, ನಿರ್ದಿಷ್ಟ ಅವಧಿಗೆ ಮಾತ್ರ ಕೆಲಸ ಮಾಡುತ್ತದೆ. ಪರೀಕ್ಷಾ ಪ್ರದರ್ಶನದ ಹೊತ್ತೂ ಆ ಅವಧಿಯೊಳಗೆ ಬರುವಂತೆ ಕೇಳಿಕೊಳ್ಳಬೇಕು. ಭಾನುವಾರ ಮಧ್ಯಾಹ್ನ ಎರಡಕ್ಕೆ ಮೊದಲು ಪ್ರದರ್ಶನ ಇಟ್ಟರೆ ಹಿರಿಯರು ಬರುವುದಿಲ್ಲ, ಚರ್ಚ್ ಮುಗಿದು ಅಲ್ಲಿಯ ಊಟವೂ ಆಗಬೇಕು. ಕಿರುಚಿತ್ರಗಳಿಗೂ ಸಣ್ಣದಾದರೂ ಪ್ರದರ್ಶನ ಶುಲ್ಕ ಕೊಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಅತಿಥಿಗಳ ಔತಣದ ಖರ್ಚನ್ನು ಕಡಿತಗೊಳಿಸಿ ನಾವು ಅದನ್ನು ಕೊಡುತ್ತಿದ್ದೇವೆ. ಆಯ್ಕೆಯಾಗದ ಚಿತ್ರಗಳ ನಿರ್ದೇಶಕರಿಗೆ ಎಲ್ಲರಿಗೂ ಒಂದೇ ಸಿದ್ಧ ಉತ್ತರ ಕಳುಹಿಸದೆ, ಚಿತ್ರವನ್ನು ಕೊನೆಯವರೆಗೆ ನೋಡಿದವರೇ ನಾಲ್ಕು ಸಾಲು ಬರೆಯಬೇಕೆಂದು ನಿಯಮ ಮಾಡಿಕೊಂಡಿದ್ದೇವೆ. ಹಾಗೆ ಬರೆದ ಪತ್ರಕ್ಕೆ ಉತ್ತರವಾಗಿ ಮರುವರ್ಷ ಹೊಸ ಚಿತ್ರ ಕಳುಹಿಸಿದವರ ಹೆಸರುಗಳು ನಮ್ಮ ಆಹ್ವಾನದ ಪಟ್ಟಿಯಲ್ಲಿ ಈಗ ಸೇರಿವೆ.